ಚಪ್ಪಲಿ ಹೊರಗೆ ಬಿಟ್ಟ ರಾಜಕುಮಾರ

ಭಾನುವಾರ ಮಲ್ಲೇಶ್ವರದಿಂದ ತಂಗಿ ಮಗ ಬಸವನಗುಡಿಯ ನಮ್ಮ ಮನೆಗೆ ದಯಮಾಡಿಸಿದ. ತಾತನನ್ನು ಮಾತಾಡಿಸಲಿಲ್ಲ, ಅಜ್ಜಿ ಕೊಟ್ಟ ಕೋಡುಬಳೆ ಮುಟ್ಟಲಿಲ್ಲ. ನೇರ ಟೀವಿ ಹಿಂದೆ ತೂರಿ ಒಂದು ವೈರು ಸಿಕ್ಕಿಸಿ, ಸೋಫಾ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತೆರೆಯ ಮೇಲೆ ಜಟಾಧಾರಿಯೊಬ್ಬ ಎರಡು ಕತ್ತಿ ಹಿಡಿದು ಗೋಡೆಯಿಂದ ಗೋಡೆಗೆ ನೆಗೆಯತೊಡಗಿದ.

“ಪ್ರಿನ್ಸ್ ಆಫ್ ಪರ್ಷಿಯಾ, ಮಾಮ. ನಿಮಗೆಲ್ಲ ಗೊತ್ತಿರಲ್ಲ, ಬಿಡಿ.”

ಆ ‘ಬಿಡಿ’ ಇದೆಯಲ್ಲ, ಅದು ನಾಟಿತು. ನಿಮ್ಮಪ್ಪ ಅಮ್ಮನ ಜಾತಕ ಕೂಡುವುದಕ್ಕೂ ಮುಂಚೆಯೇ ನನಗೆ ಈ ರಾಜಕುಮಾರನ ಪರಿಚಯ ಕಣೋ, ಆಗ ಅವನ ವಾಸ ಗಾಂಧಿ ಬಜಾರಿನಲ್ಲೇ ಇತ್ತು, ಹೂವಿನಂಗಡಿ ಸಾಲಿನ ಹಿಂದಿನ ಅಡ್ಡರಸ್ತೆಯಲ್ಲಿ, ಮೊದಲನೇ ಮಹಡಿಯಲ್ಲಿ ಎಂದೆ. ಹುಡುಗ ನನ್ನನ್ನು ನೋಡಿದ ನೋಟಕ್ಕೆ, ಮಾಮನಿಗೆ ಬೇಸಿಗೆ ತಲೆಗೆ ಏರಿದೆ ಎಂಬ ಅರ್ಥವಿತ್ತು.

1994ರ ಬೇಸಿಗೆ. ಎಸ್ಸೆಸ್ಸೆಲ್ಸಿ ಮುಗಿದ ಮಕ್ಕಳನ್ನು ರಜೆಯಲ್ಲಿ ಟೈಪಿಂಗಿಗೆ ಅಟ್ಟುತ್ತಿದ್ದ ಅಪ್ಪಂದಿರು ಕಂಪ್ಯೂಟರ್ ಕ್ಲಾಸಿಗೆ ಅಟ್ಟಲು ಶುರುಮಾಡಿದ್ದ ಕಾಲ. ಆಗ ಕಂಪ್ಯೂಟರ್ ಕೋಣೆಯೆಂದರೆ ಸಾಕ್ಷಾತ್ ದೇವರಮನೆ. ಚಪ್ಪಲಿ ಹೊರಗೆ ಬಿಡಬೇಕು. ಜೋರಾಗಿ ಮಾತಾಡುವಂತಿಲ್ಲ. ಏಸಿ ಇತ್ತು, ಆದರೆ ಅದು ನಮಗಲ್ಲ, ಯಂತ್ರಕ್ಕೆ; ನಾವು ಅದರ ಪ್ರಸಾದ ತೆಗೆದುಕೊಳ್ಳುತ್ತಿದ್ದೆವು ಅಷ್ಟೆ. ಫ್ಲಾಪಿಗೂ ಮಡಿ, ಅದರ ಕಪ್ಪು ಹಾಳೆಗೆ ಬೆರಳು ತಗುಲಿದರೆ ಮೈಲಿಗೆ. ಮೇಷ್ಟ್ರು ಊಟಕ್ಕೆಂದು ಮೆಟ್ಟಿಲಿಳಿದದ್ದೇ ತಡ, ನನ್ನ ದೊಡ್ಡಪ್ಪನ ಮಗ ಅಂಗಿಯೊಳಗಿಂದ ಒಂದು ಫ್ಲಾಪಿ ತೆಗೆಯುತ್ತಿದ್ದ. ಐದು ಜನ ಒಂದು ಕೀಬೋರ್ಡಿನ ಸುತ್ತ, ಶ್ರಾದ್ಧದ ಊಟಕ್ಕೆ ಕಾದವರಂತೆ.

ತೆರೆಯ ಮೇಲೆ ನೆಲಮಾಳಿಗೆಯ ಸೆರೆಮನೆ. ಬಿಳಿ ಪೈಜಾಮ, ಬಿಳಿ ಅಂಗಿಯ ಒಬ್ಬ ಹುಡುಗ, ಬ್ಯೂಗಲ್ ರಾಕಿಗೆ ಬೆಳಗಿನ ವಾಕಿಂಗಿಗೆ ಬಂದು ದಾರಿ ತಪ್ಪಿದವನ ಹಾಗೆ. ಒಂದು ದಿನ ನಮ್ಮನ್ನು ಊಟಕ್ಕೆ ಕರೆಯಲು ಬಂದ ದೊಡ್ಡಮ್ಮ ಗಾಜಿನ ಬಾಗಿಲಿನಿಂದಲೇ ಇಣುಕಿ ನೋಡಿ ಹೇಳಿದರು: “ಪಾಪ, ಸಂಭಾವಿತರ ಮನೆ ಹುಡುಗ ಅನ್ಸತ್ತೆ. ಅವನೂ ಚಪ್ಪಲಿ ಹೊರಗೆ ಬಿಟ್ಟಿದಾನೆ ನೋಡು.”

ಕಥೆ ಏನೆಂದು ಕೇಳಿದರು. ಹೇಳಿದೆ: ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ, ಮಂತ್ರಿ ಜಾಫರ್ ರಾಜಕುಮಾರಿಯನ್ನು ಗೋಪುರದಲ್ಲಿ ಕೂಡಿಹಾಕಿ, ನನ್ನನ್ನು ಮದುವೆಯಾಗು, ಇಲ್ಲ ಸಾಯಿ ಎಂದು ಒಂದು ಗಂಟೆ ಗಡುವು ಕೊಟ್ಟಿದ್ದಾನೆ, ಅಷ್ಟರೊಳಗೆ ಈ ಹುಡುಗ ಹನ್ನೆರಡು ಹಂತ ದಾಟಿ ಬಿಡಿಸಬೇಕು.

“ರಾಮಾಯಣ ಅನ್ನು!” ಎಂದರು ದೊಡ್ಡಮ್ಮ. “ಆದ್ರೆ ರಾವಣನೇ ವಾಸಿ ಕಣೋ. ಹನ್ನೆರಡು ತಿಂಗಳು ಟೈಮ್ ಕೊಟ್ಟಿದ್ದ. ಅಷ್ಟರೊಳಗೆ ಒಪ್ಪದೇ ಹೋದ್ರೆ ಬೆಳಗಿನ ತಿಂಡಿಗೆ ನಿನ್ನ ಹೆಚ್ಚಿಸಿಬಿಡ್ತೀನಿ ಅಂದಿದ್ದ.” ತಿಂಡಿಯ ವಿಷಯ ವಾಲ್ಮೀಕಿಯಲ್ಲೇ ಇದೆ, ದೊಡ್ಡಮ್ಮ ಸೇರಿಸಿದ್ದಲ್ಲ. ಬಸವನಗುಡಿಯವರಿಗೆ ರಾಮಾಯಣದಲ್ಲಿ ತಿಂಡಿ ಎಲ್ಲಿ ಬರುತ್ತದೆಂದು ಗೊತ್ತಿರದೆ ಇರುತ್ತದೆಯೇ? ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಯುತ್ತಿದೆ. ರಾಜಕುಮಾರಿಯನ್ನು ಬಿಡಿಸಿ ತಂದ ರಾಜಕುಮಾರನ ಹುಟ್ಟುಹಬ್ಬಕ್ಕೆ ಪಾನಕ, ಕೋಸಂಬರಿ ಹಂಚಿಕೊಂಡು ಬಂದ ನಮಗೆ ಪರ್ಷಿಯಾದವನು ಹೊಸಬನೇನಲ್ಲ.

ಒಂದು ಗುಟ್ಟು ಹೇಳುತ್ತೇನೆ. ಆ ಮೊದಲ ಆಟದಲ್ಲಿ ಅವನು ರಾಜಕುಮಾರನೇ ಅಲ್ಲ. ಹೆಸರೂ ಇಲ್ಲದ ಪರದೇಶಿ ಹುಡುಗ. ರಾಜಕುಮಾರಿ ಅವನಿಗೆ ಮನಸೋತಳು, ಅದಕ್ಕೇ ಸೆರೆಮನೆ ಸೇರಿದ. ಗೆದ್ದು ಅವಳ ಕೈಹಿಡಿದ ಮೇಲಷ್ಟೇ ಪದವಿ. ನಮ್ಮ ಕಡೆ ಇದಕ್ಕೆ ‘ರಾಜಕುಮಾರ’ ಎನ್ನುವುದಿಲ್ಲ, ‘ಮನೆಅಳಿಯ’ ಎನ್ನುತ್ತಾರೆ.

ಆಟ ಹುಟ್ಟಿದ್ದೂ ಮನೆಯ ಹಪ್ಪಳದ ವ್ಯಾಪಾರದಂತೆಯೇ. ಅಮೆರಿಕದ ಜೋರ್ಡಾನ್ ಮೆಕ್ನರ್ ಎಂಬ ಹುಡುಗ, ಕಾಲೇಜು ಮುಗಿಸಿದ ಹೊಸತು, ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ ಪಾರ್ಕಿಂಗ್ ಜಾಗದಲ್ಲಿ ಓಡಿಸಿದ, ನೆಗೆಸಿದ, ವೀಡಿಯೊ ತೆಗೆದ. ಆಮೇಲೆ ಒಂದೊಂದೇ ಚೌಕಟ್ಟನ್ನು ತಿದ್ದಿ ತೀಡಿ ಕಂಪ್ಯೂಟರಿಗೆ ಇಳಿಸಿದ. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಿತ್ರ ನೋಡಿದ. ಸಂಗೀತಕ್ಕೆ ಅಪ್ಪನನ್ನೇ ಹಿಡಿದ. ಹೀಗೆ ವರ್ಷಗಟ್ಟಲೆ ಬೆಂದು 1989ರಲ್ಲಿ ಆಪಲ್ ಟೂ ಯಂತ್ರದ ಮೇಲೆ ಆಟ ಬಂತು. ಬೇರೆ ಆಟಗಳ ಬೊಂಬೆಗಳು ಪುಟಿಯುವ ಚೆಂಡುಗಳು. ಇವನು ಮಾತ್ರ ಮನುಷ್ಯ. ಓಡುತ್ತಿದ್ದವನನ್ನು ನಿಲ್ಲಿಸಿದರೆ ಎರಡು ಹೆಜ್ಜೆ ಜಾರಿಯೇ ನಿಲ್ಲುತ್ತಿದ್ದ. ಅಂಚಿಗೆ ನೇತುಬಿದ್ದರೆ ಮೈಭಾರ ನಮ್ಮ ತೋಳಿಗೆ ಬರುತ್ತಿತ್ತು. ಅವನು ಹಾರಿದಾಗ ಐದೂ ಜನ ಕುರ್ಚಿಯಿಂದ ಏಳುತ್ತಿದ್ದೆವು. ನೆಲದಿಂದೆದ್ದ ಮುಳ್ಳಿಗೆ ಅವನು ಸಿಕ್ಕಿದರೆ ಸೂತಕ ಐದೂ ಮನೆಗೆ.

ನಾಲ್ಕನೇ ಹಂತದಲ್ಲಿ ಒಂದು ಕನ್ನಡಿ ದಾರಿಗೆ ಅಡ್ಡ ನಿಂತಿರುತ್ತದೆ. ಓಡಿಬಂದು ಅದರೊಳಕ್ಕೇ ಹಾರಬೇಕು. ಹಾರಿದೊಡನೆ ಅವನ ನೆರಳು ಎದ್ದು ಆಚೆ ಕಡೆಗೆ ಓಡಿಹೋಗುತ್ತದೆ. ಮುಂದೆ ಇವನು ಕುಡಿಯಬೇಕಾದ ಔಷಧಿ ಅದು ಕುಡಿಯುತ್ತದೆ, ಇವನು ಹಾರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತದೆ. ಥೇಟ್ ದಾಯಾದಿ. ಇದೂ ಬಡತನದಲ್ಲಿ ಹುಟ್ಟಿದ ಬುದ್ಧಿಯೇ: ಹೊಸ ವೈರಿಯನ್ನು ಬರೆಯಲು ಯಂತ್ರದ ಮೆಮೊರಿಯಲ್ಲಿ ಜಾಗ ಉಳಿದಿರಲಿಲ್ಲವಂತೆ, ಇದ್ದ ನಾಯಕನ ಚಿತ್ರಗಳನ್ನೇ ತಿರುಚಿ ನೆರಳು ಮಾಡಿದರು. ನಿನ್ನೆಯ ಅನ್ನಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದ ಹಾಗೆ. ನಾವೋ, ಅದನ್ನು ನೋಡಿದ ಕೂಡಲೇ “ಬಬ್ರುವಾಹನ ಕಣ್ರೋ!” ಎಂದು ಕೂಗಿದೆವು. 1977ರ ಆ ಚಿತ್ರದಲ್ಲಿ ಅರ್ಜುನನೂ ಅಣ್ಣಾವ್ರೇ, ಅವನಿಗೆ ಎದುರು ನಿಂತ ಮಗನೂ ಅಣ್ಣಾವ್ರೇ. ರಾಜಕುಮಾರ ತನ್ನೊಡನೆ ತಾನೇ ಕಾದುವುದನ್ನು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಅವನ ಹೆಸರೂ ರಾಜಕುಮಾರನೇ.

ಎಂಟನೇ ಹಂತದಲ್ಲಿ ನಾಯಕ ಬಾಗಿಲ ಹಿಂದೆ ಸಿಕ್ಕಿಬಿದ್ದಾಗ ರಾಜಕುಮಾರಿ ಒಂದು ಬಿಳಿ ಇಲಿಯನ್ನು ಕಳಿಸುತ್ತಾಳೆ. ಅದು ತುರುತುರು ಬಂದು ಹಲಗೆಯ ಮೇಲೆ ನಿಂತರೆ ಬಾಗಿಲು ತೆರೆಯುತ್ತದೆ. ದೊಡ್ಡ ಗಣಪತಿಯ ಬೀದಿಯ ಹುಡುಗರು ನಾವು. ಇಲಿ ಯಾರ ಕಡೆಯದೆಂದು ನಮಗೆ ಸಂಶಯವೇ ಬರಲಿಲ್ಲ.

ಕೊನೆಯ ಕಡೆಗೆ ಆ ನೆರಳು ಕತ್ತಿ ಹಿರಿದು ಎದುರು ನಿಲ್ಲುತ್ತದೆ. ನೀವು ಒಂದು ಏಟು ಹಾಕಿದಿರೋ, ನಿಮ್ಮದೇ ಒಂದು ಜೀವ ಹೋಗುತ್ತದೆ. ಕೊಂದರೆ ನೀವೂ ಸತ್ತಿರಿ. ಮೂರು ದಿನ ಹೊಡೆದಾಡಿ ಹೊಡೆದಾಡಿ ಸತ್ತೆವು. ಕತ್ತಿಯನ್ನು ಒರೆಗೆ ಸೇರಿಸಿ ಅವನ ಕಡೆ ನಡೆದುಬಿಟ್ಟರೆ ಇಬ್ಬರೂ ಒಂದಾಗುತ್ತಾರೆಂಬ ಉಪಾಯ ಹೇಳಿಕೊಟ್ಟವನು ದೊಡ್ಡಪ್ಪನ ಮಗ. ಅವನ ಮನೆ ಶಂಕರಪುರದಲ್ಲಿ, ಮಠದ ಹತ್ತಿರ. ಅದ್ವೈತ ಹೊಳೆಯದೆ ಇನ್ನೇನು ಹೊಳೆದೀತು?

ಇಷ್ಟೆಲ್ಲ ಹೇಳುವಷ್ಟರಲ್ಲಿ ತಂಗಿ ಮಗ ಎರಡು ಕೋಡುಬಳೆ ಮುಗಿಸಿದ್ದ. ಅದು ಗೆಲುವೇ. ಹೊಸ ವಿಷಯ ಅವನು ಹೇಳಿದ. 2003ರ ಆಟದಲ್ಲಿ ಇವನ ಕೈಗೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಕಠಾರಿ ಸಿಕ್ಕಿತಂತೆ. ಅದರ ನಾಯಕಿ ಫರಾ ಭಾರತದ ಮಹಾರಾಜನ ಮಗಳಂತೆ. ಆಹಾ, ಅಂದರೆ ಹುಡುಗಿ ಕಡೆಯವರು ನಾವು! ಆದರೆ ಬೀಗರು ಹೆಣ್ಣು ನೋಡಲು ಬರಲಿಲ್ಲ, ಸೈನ್ಯ ತಂದು ಅರಮನೆ ಲೂಟಿ ಮಾಡಿ ಹುಡುಗಿಯನ್ನೂ ಹೊತ್ತುಕೊಂಡು ಹೋದರು. ಉಪಚಾರ ಸರಿಯಾಗಲಿಲ್ಲವೆಂಬ ಮಾತು ಬರಲು ಅವಕಾಶವೇ ಇಲ್ಲ. ಆ ಆಟದಲ್ಲಿ ಕಥೆ ಹೇಳುವವನೂ ರಾಜಕುಮಾರನೇ. ಆಡುವವನು ಹಳ್ಳಕ್ಕೆ ಬಿದ್ದು ಸತ್ತರೆ, ಛೆ, ಹಾಗಾಗಲಿಲ್ಲ, ತಾಳಿ, ಮತ್ತೆ ಹೇಳುತ್ತೇನೆ ಎನ್ನುತ್ತಾನಂತೆ. ಬ್ಯೂಗಲ್ ರಾಕ್ ಕಲ್ಲುಬೆಂಚಿನ ನಿವೃತ್ತರು ಕಠಾರಿಯಿಲ್ಲದೆಯೇ ದಿನಾ ಸಂಜೆ ಈ ಕೆಲಸ ಮಾಡುತ್ತಾರೆ.

“ಹೋಗ್ಲಿ, ಈಗ ನೆಗೀತಾ ಇದಾನಲ್ಲ, ಇವನು ಪ್ರಿನ್ಸು ತಾನೆ?” ಎಂದೆ.

“ಅಲ್ಲ ಮಾಮ, ಇವನು ಸಾರ್ಗನ್. 2024ರ ಆಟ. ಪ್ರಿನ್ಸನ್ನ ಕಿಡ್ನಾಪ್ ಮಾಡಿದಾರೆ. ಇವನು ಬಿಡಿಸೋಕೆ ಹೋಗ್ತಿದಾನೆ.”

ನೋಡಿ, ಮೂವತ್ತೈದು ವರ್ಷದಲ್ಲಿ ರಾಜಕುಮಾರನ ಬಾಳು ಎಲ್ಲಿಗೆ ಬಂತು! ಬಿಡಿಸಲು ಹೋದವನನ್ನೇ ಬಿಡಿಸಿಕೊಂಡು ಬರಬೇಕಾಗಿದೆ. ಹೀಗೆ ಆಳನ್ನು ಮುಂದೆ ಬಿಟ್ಟು ಹೆಸರು ಮಾಡಿದ ರಾಜಕುಮಾರನೊಬ್ಬ ನಮ್ಮಲ್ಲೂ ಇದ್ದ: ವಿರಾಟರಾಜನ ಮಗ ಉತ್ತರಕುಮಾರ. ಅಂತಃಪುರದಲ್ಲಿ ಮೀಸೆ ತಿರುವಿದವನು ಕೌರವರ ಸೈನ್ಯ ಕಂಡೊಡನೆ ರಥದಿಂದ ಹಾರಿ ಓಡಿದ. ಉತ್ತರನ ಪೌರುಷ ಒಲೆ ಮುಂದೆ ಎಂಬ ಗಾದೆ ಬಿಟ್ಟುಹೋದ. ಯುದ್ಧ ಗೆದ್ದದ್ದು ಬೃಹನ್ನಳೆಯ ವೇಷದ ಅರ್ಜುನ. ಸಮ್ಮೋಹನಾಸ್ತ್ರ ಬಿಟ್ಟು ಇಡೀ ಸೈನ್ಯವನ್ನು ಮಲಗಿಸಿದ. ಊರಲ್ಲಿ ಡಂಗುರ ಮಾತ್ರ ಉತ್ತರನ ಹೆಸರಿನಲ್ಲಿ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ. ಆ ಬೇಸಿಗೆಯಲ್ಲಿ ಆಟ ಪೂರ್ತಿ ಮುಗಿಸಿದವನು ಕ್ಲಾಸಿಗೆಲ್ಲ ನಾನೊಬ್ಬನೇ. ಹೇಗೆಂದರೆ, ದೊಡ್ಡಪ್ಪನ ಮಗ ಒಂದು ಮಧ್ಯಾಹ್ನ ಕಿವಿಯಲ್ಲಿ ಮಂತ್ರೋಪದೇಶ ಮಾಡಿದ: ಆಟ ಶುರುಮಾಡುವಾಗ ‘ಪ್ರಿನ್ಸ್’ ಅಂತಷ್ಟೇ ಹೊಡೀಬೇಡ, ‘ಪ್ರಿನ್ಸ್ ಮೆಗಾಹಿಟ್’ ಅಂತ ಹೊಡಿ. ಹೊಡೆದೆ. ಆಮೇಲೆ ಕೆ ಅಕ್ಷರ ಒತ್ತಿದರೆ ಎದುರಿನ ಸೈನಿಕ ತಾನಾಗಿ ಬೀಳುತ್ತಿದ್ದ, ಸಮ್ಮೋಹನಾಸ್ತ್ರವೇ. ಬೇರೆ ಎರಡು ಕೀಲಿ ಒತ್ತಿದರೆ ಹಂತಕ್ಕೆ ಹಂತವೇ ಮಾಯ. ರಾಜಕುಮಾರಿ ಓಡಿಬಂದು ತಬ್ಬಿಕೊಂಡಾಗ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆಂದುಕೊಂಡರೆ, ಶಹಭಾಸ್ ಎಂದರು. ಸುದ್ದಿ ಅಪ್ಪನಿಗೆ ಮುಟ್ಟಿತು. ಅಪ್ಪ ರಾಮನವಮಿ ಪೆಂಡಾಲಿನಲ್ಲಿ, ತನಿ ಆವರ್ತನದ ನಡುವೆಯೇ, ಅಕ್ಕಪಕ್ಕದ ನಾಲ್ಕು ಸಾಲಿಗೆ ಹಂಚಿದರು: ನಮ್ಮ ಹುಡುಗ ಕಂಪ್ಯೂಟರಿಗೇ ನೀರು ಕುಡಿಸಿದನಂತೆ! ಮರುದಿನ ವಿದ್ಯಾರ್ಥಿ ಭವನದಲ್ಲಿ ವಿಜಯೋತ್ಸವ. ನನ್ನ ಬೃಹನ್ನಳೆ ಎದುರು ಕೂತು, ತಲೆಯೆತ್ತದೆ ಮೂರು ಮಸಾಲೆದೋಸೆ ತಿಂದ. ಬಾಯಿ ಮುಚ್ಚಿಕೊಂಡದ್ದಕ್ಕೆ ಕೂಲಿ.

“ಮಾಮ,” ತಂಗಿ ಮಗ ಆಟ ನಿಲ್ಲಿಸಿ ನನ್ನ ಕಡೆ ತಿರುಗಿದ. ಮೊದಲ ಸಲ ಅವನ ದನಿಯಲ್ಲಿ ಒಂದಿಷ್ಟು ಗೌರವ ಕೇಳಿಸಿತು. “ಆ ಹಳೇದು ಸಖತ್ ಕಷ್ಟ ಅಂತೆ. ನೀವು ಎಷ್ಟು ನಿಮಿಷದಲ್ಲಿ ಮುಗಿಸಿದ್ರಿ?”

ಉತ್ತರಕುಮಾರ ಅಪ್ಪನೆದುರು ನಿಜವನ್ನಾದರೂ ಒಪ್ಪಿಕೊಂಡ, ಗೆದ್ದವನು ನಾನಲ್ಲ, ಯಾರೋ ದೇವಪುತ್ರ ಎಂದ. ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯ ಆರಾಮಕುರ್ಚಿಯಲ್ಲಿ ಪೇಪರ್ ಮುಚ್ಚಿಕೊಂಡು ಮಲಗಿದ್ದಾರೆಂದು ನಾವೆಲ್ಲ ತಿಳಿದಿದ್ದ ವಿರಾಟರಾಯರು ಎದ್ದು ಕೂತರು.

“ನಲವತ್ತೇ ನಿಮಿಷ ಕಣೋ! ಇಡೀ ಕ್ಲಾಸಿಗೇ ಫಸ್ಟು ನಿಮ್ಮ ಮಾಮ. ಕೇಳು, ಹೇಳ್ತೀನಿ…”

ಕಾಫಿ ಆಯಿತೇ ನೋಡಿ ಬರುತ್ತೇನೆಂದು ನಾನು ಎದ್ದು ಅಡುಗೆಮನೆಗೆ ಹೋಗಿ, ಒಲೆ ಮುಂದೆ ನಿಂತೆ.