ತ್ರಿಭುವನಮಲ್ಲನ ಊರುಭಂಗ: ಒಂದು ಶಾಸನಾಧಾರಿತ ಜಿಜ್ಞಾಸೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕ ಚಕ್ರವರ್ತಿಯ ಎರಡು ಕಿರು ಶಾಸನಗಳಿವೆ. ಎರಡರಲ್ಲಿಯೂ ಗಿನಿಹಂದಿಯ ಪ್ರಸ್ತಾಪವಿಲ್ಲ. ಅವು 1931ರಲ್ಲಿ ಬೆಳಕಿಗೆ ಬಂದಂದಿನಿಂದ ಓದಿದ ವಿದ್ವಾಂಸರಲ್ಲಿ ಒಬ್ಬರಾದರೂ ಈ ಕೊರತೆಯ ಬಗ್ಗೆ ಚಕಾರವೆತ್ತಿಲ್ಲ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದ್ದೇನೆಂದು ಚಕ್ರವರ್ತಿ ಹೇಳಿಕೊಂಡದ್ದು ಬೇರೊಂದು ಶಾಸನದಲ್ಲಿ; ಅದರ ಒಂದು ಪ್ರತಿ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಯ ಮೇಲಿದೆ. ಹೀಗಾಗಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಯ ಗಿನಿಹಂದಿ ತ್ರಿಭುವನಮಲ್ಲನು ಮೊಮ್ಮಗಳ ಹೆಗಲಿನಿಂದ ಶಹಾಬಾದ್ ಪರಸಿಯ ಮೇಲೆ ಬಿದ್ದು ಹಿಂಗಾಲು ಮುರಿದುಕೊಂಡಾಗ, ರಾಜಾಜ್ಞೆ ಬೇಕೆಂದರೆ ಆಂಧ್ರದ ಬಸ್ಸು ಹತ್ತಬೇಕಾಗಿತ್ತು.

ಹೆಸರಿನ ಬಗ್ಗೆ ಒಂದು ಮಾತು. ತ್ರಿಭುವನಮಲ್ಲ ಎಂಬುದು ಆರನೆಯ ವಿಕ್ರಮಾದಿತ್ಯನ ಬಿರುದು. ಆತನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನಮ್ಮ ತ್ರಿಭುವನಮಲ್ಲನ ತೂಕ ಒಂಬೈನೂರು ಗ್ರಾಂ. ಮನೆಯವಳು ‘ಮಲ್ಯಾ’ ಎನ್ನುತ್ತಾಳೆ. ಮುರಿದದ್ದು ತೊಡೆಯಲ್ಲ, ಮೊಣಕಾಲ ಕೆಳಗಿನ ಎಲುಬು. ಆದ್ದರಿಂದ ‘ಜಂಘಾಭಂಗ’ ಎನ್ನಬೇಕೆಂದು ಆಕ್ಷೇಪಿಸುವವರು ಇದ್ದಾರೆ. ಭಾಸ, ರನ್ನರ ನಾಡಿನಲ್ಲಿ ಯಾವ ಕಾಲು ಎಲ್ಲಿಯೇ ಮುರಿದರೂ ಅದು ಊರುಭಂಗವೇ ಎಂದು ಅಂಥವರಿಗೆ ಉತ್ತರ.

ಗಿನಿಹಂದಿ ಗಿನಿಯಿಂದ ಬಂದದ್ದಲ್ಲ, ಹಂದಿಯೂ ಅಲ್ಲ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಅಲ್ಲಿಯ ಕೆಚುವಾ ಭಾಷೆಯಲ್ಲಿ ಅದಕ್ಕೆ ‘ಕುಯ್’ ಎಂದು ಹೆಸರು. ಅದು ಕೂಗುವುದೇ ಹಾಗೆ. ನಮ್ಮಲ್ಲಿ ನಾಯಿಮರಿ ‘ಕುಂಯ್’ಗುಡುತ್ತದೆ. ಕನ್ನಡ ಮತ್ತು ಕೆಚುವಾ ಭಾಷೆಗಳ ಅಕ್ಕತಂಗಿತನವನ್ನು ಸಾಧಿಸಲು ಇಷ್ಟು ಸಾಕಾಗಿತ್ತು, ಆದರೆ ಲೇಖಕನು ಸಂಯಮಿ. ಸಂಯಮ ಬೇಕಿಲ್ಲದ ಇನ್ನೊಂದು ಸಂಗತಿಯಿದೆ: ಪ್ರಾಣಿಶಾಸ್ತ್ರದ ಪ್ರಕಾರ ಈ ಜೀವಿಯು ಇಲಿಗಿಂತ ಮುಳ್ಳುಹಂದಿಗೆ ಹತ್ತಿರದ ನೆಂಟ. ಇಂಗ್ಲಿಷಿನವರು ಹಂದಿ ಎಂದು ಕರೆದು ತಪ್ಪು ಮಾಡಿದರು. ನಾವು ಅದನ್ನೇ ಅನುವಾದಿಸಿ, ಮುಳ್ಳುಹಂದಿಯ ಪಕ್ಕದಲ್ಲಿ ಕೂರಿಸಿ, ತಿಳಿಯದೆಯೇ ಸರಿ ಮಾಡಿದೆವು. ಅನುವಾದದಿಂದ ಮೂಲ ಸುಧಾರಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿ ಹಿರೇಬೆಣಕಲ್ಲಿನ ಪ್ರಶ್ನೆ ಏಳುತ್ತದೆ. ಗಂಗಾವತಿ ತಾಲ್ಲೂಕಿನ ಆ ಬೆಟ್ಟದ ಮೇಲೆ ಚಪ್ಪಡಿಕಲ್ಲಿನ ನೂರಾರು ಶಿಲಾಯುಗೋತ್ತರ ಗೋರಿಗಳಿವೆ. ಮೂರು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಎದುರಿನ ಕಲ್ಲಿಗೆ ದುಂಡನೆಯ ಕಂಡಿ ಕೊರೆದವು. ಕುಳ್ಳರಾದ ಮೋರೇರು ಎಂಬವರ ಮನೆಗಳಿವು ಎಂದು ಊರವರು ಹೇಳುತ್ತಾರೆ. ಗಿನಿಹಂದಿಗೆ ಅಡಗಿ ಕೂರಲು ಬೇಕಾದ ಗೂಡಿನ ಲಕ್ಷಣವೂ ಅಕ್ಷರಶಃ ಇದೇ: ಮೂರು ಗೋಡೆ, ಒಂದು ಮಾಡು, ದುಂಡನೆಯ ಬಾಗಿಲು. ಮೋರೇರು ಗಿನಿಹಂದಿಗಳೇ ಎಂಬ ಪ್ರಮೇಯದ ಮೇಲೆ ನಲವತ್ತು ಪುಟ ಬರೆದಾದ ಮೇಲೆ, ಈ ಪ್ರಾಣಿ ಆಂಡಿಸ್ ಬಿಟ್ಟು ಯುರೋಪಿಗೆ ಹೋದದ್ದೇ ಹದಿನಾರನೆಯ ಶತಮಾನದಲ್ಲಿ ಎಂಬ ಅಡ್ಡಿ ಎದುರಾಯಿತು. ಎರಡು ಸಾವಿರ ವರ್ಷಗಳ ಈ ಅಂತರವನ್ನು ತುಂಬುವ ಕೆಲಸವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಈಗ ರೋಗಿಯ ಕಡೆಗೆ. ಪಶುವೈದ್ಯರ ಹೆಸರು ಹೇಳುವುದಿಲ್ಲ. ಎತ್ತು, ಎಮ್ಮೆ, ಟಗರುಗಳ ನಡುವೆ ತಲೆ ನರೆಸಿಕೊಂಡವರು. ಬುಟ್ಟಿಯ ಮುಚ್ಚಳ ತೆಗೆದು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ನೋಂದಣಿ ಪುಸ್ತಕದಲ್ಲಿ ದನ, ಎಮ್ಮೆ, ಕುರಿ, ಆಡು, ಹಂದಿ, ಕೋಳಿ, ನಾಯಿ, ಇತರೆ ಎಂದು ಕಾಲಮ್ಮುಗಳು. “ಹಂದಿ ಅಂತ ಬರದ್ರ ಮ್ಯಾಲಿನವ್ರು ಹಂದಿಜ್ವರದ ಲಸಿಕಿ ಹಾಕೀರೇನು ಅಂತಾರ್ರಿ,” ಎಂದು ‘ಇತರೆ’ಯಲ್ಲಿ ಒಂದು ಗೆರೆ ಎಳೆದರು. ಚಾಲುಕ್ಯ ಚಕ್ರವರ್ತಿಯೊಬ್ಬನ ಬಿರುದಾಂಕಿತನು ಹೀಗೆ ಇತರೆಯಾದನು.

ಎಲುಬಿಗೆ ಪಟ್ಟಿ ಕಟ್ಟುವ ವಿಷಯದಲ್ಲಿ ನನ್ನದೊಂದು ಯೋಜನೆ ಇತ್ತು. ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಮೆತ್ತಿ, ಆನೆಗೂ ಗರುಡನಿಗೂ ಕೈಕಾಲು ಕೂಡಿಸುತ್ತಾರೆ. ಆ ಮರದಲ್ಲೇ ಒಂದು ದಬ್ಬೆ ಮಾಡಿಸಿದರೆ? ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಪಟ್ಟಿ ಕಟ್ಟಿದ್ರ ಕಡಕೊಂಡು ತಿಂತೈತ್ರಿ. ಸಣ್ಣ ಜಾಗದಾಗ ನಾಕು ವಾರ ಕೂಡ್ರಸ್ರಿ, ಮೆತ್ತನ ಅರಬಿ ಹಾಸ್ರಿ, ಏರಾಕ ಜಿಗ್ಯಾಕ ಏನೂ ಇಡಬ್ಯಾಡ್ರಿ. ಎಲುಬು ತಾನ ಕೂಡತೈತಿ.” ನೋವಿಗೆ ಹನಿ ಲೆಕ್ಕದ ಔಷಧ ಕೊಟ್ಟರು. ನಾನು ಜೇಬಿನಿಂದ ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆ ತೆಗೆದಾಗ ಮಾತ್ರ ಅವರ ದನಿ ಏರಿತು. ಪೆನ್ಸಿಲಿನ್ ಜಾತಿಯ ಔಷಧ ಈ ಪ್ರಾಣಿಯ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು, ಬೆನ್ನಿಗೇ ಪ್ರಾಣಿಯನ್ನೂ ಕೊಲ್ಲುತ್ತದಂತೆ. 1940ರಲ್ಲಿ ಆಕ್ಸ್‌ಫರ್ಡಿನವರು ಪೆನ್ಸಿಲಿನ್ನನ್ನು ಬಿಳಿ ಇಲಿಗಳ ಮೇಲೆ ಪರೀಕ್ಷಿಸಿದರು. ಗಿನಿಹಂದಿಯ ಮೇಲೆ ಪರೀಕ್ಷಿಸಿದ್ದರೆ ಶೀಷೆಯನ್ನು ಮೋರಿಗೆ ಸುರಿದು ಕೈತೊಳೆಯುತ್ತಿದ್ದರೋ ಏನೋ. ಪ್ರಯೋಗಪಶು ಎಂಬ ಅರ್ಥಕ್ಕೆ ತನ್ನ ಹೆಸರನ್ನೇ ಕೊಟ್ಟ ಪ್ರಾಣಿ, ಆ ಶತಮಾನದ ದೊಡ್ಡ ಪ್ರಯೋಗದಲ್ಲಿ ಗೈರುಹಾಜರಾಗಿ ಜಗತ್ತಿಗೆ ಉಪಕಾರ ಮಾಡಿತು.

ಎರಡನೆಯ ದಿನ ಮಲ್ಲನು ಆಹಾರ ಬಿಟ್ಟನು. ಕೊಪಣ, ಎಂದರೆ ನಮ್ಮ ಕೊಪ್ಪಳ, ಪ್ರಾಚೀನ ಜೈನ ತೀರ್ಥ. ಇಲ್ಲಿಯ ಬೆಟ್ಟಗಳ ಮೇಲೆ ಸಲ್ಲೇಖನ ಕೈಗೊಂಡವರ ಶಾಸನಗಳುಂಟು. ನನಗೆ ಕೂಡಲೇ ಅನುಮಾನ ಬಂತು. ಆದರೆ ಸಲ್ಲೇಖನಕ್ಕೆ ವ್ರತ ಬೇಕು, ಗುರುವಿನ ಅನುಮತಿ ಬೇಕು. ಇವನು ಎರಡನ್ನೂ ಪಡೆದ ದಾಖಲೆಯಿಲ್ಲ. ಡಾಕ್ಟರಿಗೆ ಫೋನು ಮಾಡಿದರೆ, “ಒಂದು ದಿನ ತಿನ್ನದಿದ್ರ ಇದರ ಕರುಳು ನಿಂತ ಬಿಡತೈತ್ರಿ, ತತ್ವ ಆಮ್ಯಾಲ ನೋಡ್ರಿ,” ಎಂದರು. ಗುಳಿಗೆಯಂಥ ಒಣ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ, ಗಂಜಿ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ, ನೆತ್ತಿಗೇರದಂತೆ, ಹನಿಹನಿಯಾಗಿ. ಎರಡೆರಡು ತಾಸಿಗೊಮ್ಮೆ, ರಾತ್ರಿಯೂ. ಮೊದಲ ರಾತ್ರಿ ಅರ್ಧ ಗಂಜಿ ನನ್ನ ಅಂಗಿಗೆ, ಕಾಲು ಭಾಗ ಗೋಡೆಗೆ. ಮೂರು ಗಂಟೆಗೆ ಎದ್ದು ಬಂದ ಮನೆಯವಳು ಬಾಗಿಲಲ್ಲಿ ನಿಂತು, “ಹ್ವಾದ ವರ್ಷ ನನಗ ಜ್ವರ ಬಂದಾಗ ಒಂದು ಗ್ಲಾಸ್ ನೀರು ಕೊಡಾಕ ನಿಮಗ ನಿದ್ದಿ ಬಂದಿತ್ತಲ್ರಿ,” ಎಂದಳು. ಇದು ವಾದವಲ್ಲ, ಪ್ರಮಾಣ, ಖಂಡಿಸಲಾಗಲಿಲ್ಲ.

ನೆಂಟರಿಂದ ನಾಲ್ಕು ಪ್ರಸ್ಥಾನಗಳು ಹುಟ್ಟಿದವು. ಗಂಗಾವತಿಯ ಭಾವಮೈದುನ ಎಡದಂಡೆ ಕಾಲುವೆಯ ಗದ್ದೆಯಿಂದ ಒಂದು ಹೊರೆ ಭತ್ತದ ಹುಲ್ಲು ತಂದು ಇಳಿಸಿ, “ಎಮ್ಮಿ ತಿಂತಾವ, ಇದಕ್ಕೇನಾಗೇತಿ?” ಎಂದ. ಈ ಪ್ರಾಣಿಯ ಇಪ್ಪತ್ತು ಹಲ್ಲುಗಳೂ ಸಾಯುವತನಕ ಬೆಳೆಯುತ್ತಲೇ ಇರುತ್ತವೆ; ಸವೆಯಲು ನಾರಿನ ಮೇವು ನಿರಂತರ ಬೇಕು, ಆ ಮಟ್ಟಿಗೆ ಗಂಗಾವತಿ ಪ್ರಸ್ಥಾನ ಸರಿ. ಆದರೆ ಒರಟು ಭತ್ತದ ಹುಲ್ಲನ್ನು ಮಲ್ಲನು ಮೂಸಿ, ಅದರ ಮೇಲೆ ಮಲಗಿಕೊಂಡ. ಅವನು ತಿಂದದ್ದು ಹಿತ್ತಲ ಕರಿಕಿ. ಗಣಪತಿಗೆಂದು ಬೆಳೆಸಿದ್ದು, ವಾಹನದ ದೂರದ ಬಂಧುವಿಗೆ ಸಂದಿತು. ಕುಷ್ಟಗಿ ಪ್ರಸ್ಥಾನವು ಶಸ್ತ್ರಪರ: ಕುರಿಮರಿಯ ಕಾಲಿಗೆ ಕಟ್ಟುವಂತೆ ಬಿದಿರು ಚಿಬಕಿ, ಮೇಲೆ ತತ್ತಿಯ ಬಿಳಿಲೋಳೆ. ಜೊತೆಗೆ ಒಂದು ಪೆಟ್ಟಿಗೆ ದಾಳಿಂಬೆ ಬಂತು, ಅದನ್ನು ನಾವು ತಿಂದೆವು. ಯಲಬುರ್ಗಾದ ಕಾಕಾ, “ಹೋದ್ರ ಹೋಗ್ಲಿ, ಇನ್ನೊಂದು ತರೂಣು,” ಎಂದರು. ಆ ಪ್ರಸ್ಥಾನದೊಂದಿಗೆ ಮೊಮ್ಮಗಳು ಮಾತು ಬಿಟ್ಟಳು.

ಕೊಪ್ಪಳ ಪ್ರಸ್ಥಾನ ನನ್ನದೇ. ಮನುಷ್ಯನಂತೆ ಗಿನಿಹಂದಿಯ ಮೈಯೂ ವಿಟಮಿನ್ ಸಿ ತಯಾರಿಸಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬಿಬ್ಬರು ಈ ಪ್ರಾಣಿಗೆ ಬರೀ ಕಾಳು ತಿನ್ನಿಸಿ, ನಾವಿಕರ ಸ್ಕರ್ವಿ ರೋಗ ಬರಿಸಿ ತೋರಿಸಿದರು. ಸಿ ಇಲ್ಲದೆ ಎಲುಬು ಕೂಡದು. ಮೆಣಸಿನಕಾಯಿಯಲ್ಲಿ ಸಿ ಹೇರಳ. ಮಿರ್ಚಿಯಲ್ಲಿ ಮೆಣಸಿನಕಾಯಿ ಇದೆ. ಗವಿಮಠದ ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರಿದು. ಆದ್ದರಿಂದ ಕೊಪ್ಪಳದಲ್ಲಿ ಎಲುಬು ಮುರಿದವನು ಪುಣ್ಯವಂತ. ಈ ತರ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ಡಾಕ್ಟರು ತೋರಿಸಲಿಲ್ಲ, “ಎಣ್ಣಿ” ಎಂದಷ್ಟೇ ಹೇಳಿ ಫೋನಿಟ್ಟರು. ದಿನಕ್ಕೊಂದು ಹೋಳು ಹಸಿ ದೊಣ್ಣೆಮೆಣಸಿನಕಾಯಿ ಕೊಟ್ಟೆವು. ಮಿರ್ಚಿ ನಾನು ತಿಂದೆ.

ಬಿಸಿಲು ನಲವತ್ತು ದಾಟುವ ಊರಲ್ಲಿ, ಮೂವತ್ತಕ್ಕೇ ಏದುಸಿರು ಬಿಡುವ ಮಲೆನಾಡ ಜೀವ. ಒದ್ದೆ ಗೋಣಿಚೀಲ, ಅಡ್ಡ ಮಲಗಿಸಿದ ಗಡಿಗೆ, ಕರೆಂಟು ಹೋದಾಗ ಬೀಸಣಿಗೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುತ್ತಾರೆ ನಮ್ಮಲ್ಲಿ. ಮಲ್ಲನ ಕಾಲು ಮುರಿದಿತ್ತು, ಅವನ ಜಾತಿಗೆ ದೃಷ್ಟಿಯೂ ಮಂದ. ಗಡಿಗೆಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. ದಿನವೂ ಅಂಗಡಿ ತಕ್ಕಡಿಯಲ್ಲಿ ತೂಗುತ್ತಿದ್ದೆವು: ಒಂಬೈನೂರಿದ್ದದ್ದು ಏಳುನೂರ ಎಂಬತ್ತಕ್ಕೆ ಇಳಿದು, ಅಲ್ಲೇ ಮೂರು ದಿನ ನಿಂತು, ಹತ್ತತ್ತು ಗ್ರಾಮಿನಂತೆ ಏರಿತು. ಆ ಮೂರು ದಿನ ನಾನು ಏನನ್ನೂ ಬರೆಯಲಿಲ್ಲ.

ಆಂಡಿಸಿನ ನಾಟಿವೈದ್ಯರು ರೋಗಿಯ ಮೈಮೇಲೆ ಗಿನಿಹಂದಿಯನ್ನು ಉಜ್ಜಿ ರೋಗ ಪತ್ತೆ ಮಾಡುತ್ತಾರೆ. ನಮ್ಮಲ್ಲಿ ಅವ್ವ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಗಿನಿಹಂದಿಯ ಸುತ್ತ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಚಟಪಟ ಎಂದಿತು, ಘಾಟು ಬರಲಿಲ್ಲ. “ದೃಷ್ಟಿ ಆಗಿತ್ತು ನೋಡು,” ಎಂದಳು. ಪೆರುವಿನವರು ಇದನ್ನು ಒಪ್ಪುತ್ತಾರೆಂದು ನನ್ನ ನಂಬಿಕೆ.

ಐದನೆಯ ವಾರ ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೆ ಗಡಿಗೆಯೊಳಗಿಂದ ‘ಕುಯ್’ ಎಂದಿತು. ಒಂದು ಕಾಲನ್ನು ತುಸು ಹೊರಚಾಚಿಕೊಂಡು ಓಡಿ ಬಂದ. ಬುಟ್ಟಿಯಲ್ಲಿ ಹಾಕಿಕೊಂಡು ಡಾಕ್ಟರ ಬಳಿ ಹೋದೆವು. ಕಾಲನ್ನು ಮುಟ್ಟಿ ನೋಡಿ, ಪುಸ್ತಕ ತೆರೆದು, ‘ಇತರೆ’ಯ ಗೆರೆಯ ಮುಂದೆ ಏನೋ ಗೀಚಿ ನನ್ನ ಕಡೆ ತಿರುಗಿಸಿದರು. ಲಿಪಿ ಕನ್ನಡ, ಭಾಷೆ ಕನ್ನಡ, ಒಂದೇ ಸಾಲು, ನೀಲಿ ಶಾಯಿ, ಕಾಲದ ಉಲ್ಲೇಖವಿಲ್ಲ. ಪಾಠ: ‘ತ್ರಿಭುನಮಲ್ಲ. ನಡೀತಾನ.’ ‘ವ’ಕಾರ ಬಿಟ್ಟುಹೋಗಿರುವುದು ಲಿಪಿಕಾರನ ಪ್ರಮಾದ, ತಿದ್ದಲಿಲ್ಲ.