ನಾಳೆ ಬರ್ತೀನಮ್ಮ

ನಮ್ಮ ಕಾಲದ ದೆವ್ವಗಳಿಗೆ ಒಂದು ಶಿಸ್ತಿತ್ತು. ಹುಣಸೆಮರ, ಹಾಳುಬಾವಿ ಬಿಟ್ಟು ಕದಲುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಒಂದು ದೆವ್ವ ಮನೆಬಾಗಿಲಿಗೇ ಬರತೊಡಗಿತೆಂಬ ಸುದ್ದಿಯೆದ್ದಾಗಲೂ, ಕದದ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂತಿರುಗುತ್ತಿತ್ತು. ಅಕ್ಷರಸ್ಥ ದೆವ್ವ, ಸಂಭಾವಿತ ಕೂಡ.

ಆಸ್ಟ್ರೇಲಿಯಾದ ‘ರೆಲಿಕ್’ ನೋಡುವಾಗ ಈ ಅನುಭವವೇನೂ ಉಪಯೋಗಕ್ಕೆ ಬರಲಿಲ್ಲ. ದೆವ್ವ ಯಾವ ಕಡೆಯಿಂದ ಬರುತ್ತದೋ ಎಂದು ಕಾದು ಕೂತರೆ, ಅದು ಆಗಲೇ ಅಡುಗೆಮನೆಯಲ್ಲಿ ಟೀ ಮಾಡುತ್ತಿತ್ತು.

2020ರ ಈ ಚಿತ್ರ ನಟಾಲಿ ಎರಿಕಾ ಜೇಮ್ಸ್ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಸಿನಿಮಾ. ವಿಕ್ಟೋರಿಯಾದ ಹಳ್ಳಿಗಾಡಿನಲ್ಲಿ ಒಂಟಿಯಾಗಿದ್ದ ಎಡ್ನಾ ಅಜ್ಜಿ ಕಾಣೆಯಾಗಿ, ಮಗಳು ಕೇ, ಮೊಮ್ಮಗಳು ಸ್ಯಾಮ್ ಹುಡುಕಿಕೊಂಡು ಬರುತ್ತಾರೆ. ಅಮ್ಮನ ಜೊತೆ ಕೊನೆಗೆ ಮಾತಾಡಿದ್ದು ಯಾವಾಗ ಎಂದು ಪೊಲೀಸರು ಕೇಳಿದರೆ ಕೇ ತಡವರಿಸುತ್ತಾಳೆ. ವಾರಗಳೇ ಕಳೆದಿವೆ. ನನ್ನ ಎದೆ ಝಲ್ಲೆಂದದ್ದು ಇಲ್ಲೇ. ಪಕ್ಕದಲ್ಲಿದ್ದ ಹೆಂಡತಿ ಕಣ್ಣಂಚಿನಲ್ಲಿ ನನ್ನನ್ನು ನೋಡಿದಳು. ನಾನು ಚಕ್ಕುಲಿ ಮುರಿಯುವುದರಲ್ಲಿ ಮಗ್ನನಾದೆ.

ಅಜ್ಜಿ ತಾನಾಗಿ ಮರಳುತ್ತಾಳೆ, ಬರಿಗಾಲಲ್ಲಿ. ಎಲ್ಲಿದ್ದಳೆಂದು ಹೇಳುವುದಿಲ್ಲ. ಮನೆಯೆಲ್ಲ ಅವಳೇ ಅಂಟಿಸಿದ ಚೀಟಿಗಳು: ಮಾತ್ರೆ ನುಂಗುವುದನ್ನು ನೆನಪಿಸುವವು ಕೆಲವು, ಯಾವುದನ್ನೋ ಹಿಂಬಾಲಿಸಬೇಡವೆಂದು ಎಚ್ಚರಿಸುವವು ಕೆಲವು. ಮೊಮ್ಮಗಳಿಗೆ ಅಕ್ಕರೆಯಿಂದ ತೊಡಿಸಿದ ಉಂಗುರವನ್ನೇ ಆಮೇಲೆ ಕಳ್ಳಿ ಎಂದು ರೇಗಿ ಕಿತ್ತುಕೊಳ್ಳುತ್ತಾಳೆ. ಮರೆವಿನ ಹಿರಿಯರಿರುವ ಮನೆಯವರಿಗೆ ಇದು ಭಯಾನಕ ಚಿತ್ರವಲ್ಲ, ದಿನಚರಿ. ನಿರ್ದೇಶಕಿಯ ಅಜ್ಜಿಗೂ ಅಲ್ಝೈಮರ್ ಇತ್ತು. ಭೇಟಿಯನ್ನು ಮುಂದೂಡುತ್ತ ಬಂದು ಕೊನೆಗೊಮ್ಮೆ ಜಪಾನಿಗೆ ಹೋದಾಗ ಅಜ್ಜಿಗೆ ಮೊಮ್ಮಗಳ ಗುರುತೇ ಸಿಗಲಿಲ್ಲವಂತೆ. ‘ನಾಳೆ’ ಎಂದು ದೆವ್ವಕ್ಕೆ ಹೇಳುವುದು ಬೇರೆ, ಅಜ್ಜಿಗೆ ಹೇಳುವುದು ಬೇರೆ.

ಗೋಡೆಗೆ ಕಪ್ಪು ಬೂಷ್ಟು ಹಬ್ಬುತ್ತದೆ, ಅಜ್ಜಿಯ ಎದೆಯ ಮೇಲೂ ಅಂಥದೇ ಕಲೆ. “ಮಳೆಗೆ ಮುಂಚೆ ಸುಣ್ಣ ಹೊಡೆಸಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ” ಎಂದಳು ಮಲೆನಾಡಿನವಳಾದ ನನ್ನ ಹೆಂಡತಿ. ಸುಣ್ಣಕ್ಕೆ ಹೋಗುವ ಬೂಷ್ಟಲ್ಲ ಅದು, ಅಜ್ಜಿಯನ್ನು ತಿನ್ನುತ್ತಿರುವ ಮರೆವು. ಸತ್ತವರಿಗಾಗಿ ಅಳಲು ನಮ್ಮಲ್ಲಿ ಸೂತಕವಿದೆ, ತಿಥಿಯಿದೆ. ಬದುಕಿರುವಾಗಲೇ ದಿನಕ್ಕಿಷ್ಟು ಕಳೆದುಹೋಗುವವರಿಗಾಗಿ ಅಳಲು ಯಾವ ಪಂಚಾಂಗ ನೋಡುವುದು?

ಕೊನೆಗೆ ಅಲ್ಲಿ ಉಳಿದಿರುವುದನ್ನು ಅಜ್ಜಿ ಎನ್ನಲಾಗದು. ತಪ್ಪಿಸಿಕೊಳ್ಳಬಹುದಾಗಿದ್ದ ಮಗಳು ಹೋಗದೆ ನಿಲ್ಲುತ್ತಾಳೆ. ಆ ಜೀವದ ಚರ್ಮವನ್ನು ಎಣ್ಣೆ ಹಚ್ಚುವ ನಯದಲ್ಲಿ ಸುಲಿದು, ಪಕ್ಕದಲ್ಲೇ ಮಲಗುತ್ತಾಳೆ. ಹೇಸಿಗೆಪಡಬೇಕಾದ ಹೊತ್ತಲ್ಲಿ ಸುಣ್ಣದ ಸಲಹೆಗಾರ್ತಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಮಗ ಮಾತ್ರ ಮೋಸಹೋದವನಂತಿದ್ದ: “ಅಪ್ಪಾ, ಇದರಲ್ಲಿ ದೆವ್ವ ಎಲ್ಲಿತ್ತು?” ಮುಂದಿನ ವಾರ ಬಿಳಿಸೀರೆ, ಗೆಜ್ಜೆಸದ್ದು ಎರಡೂ ಇರುವ ಚಿತ್ರವೇ ಆಗಬೇಕಂತೆ.