ರಿಸ್ಕ್ ಕ್ಲಾಸ್ ಮೂರು

ಗುಮಾಸ್ತನಾಗಿ ಸೇರಿ ಗುಮಾಸ್ತನಾಗೇ ನಿವೃತ್ತನಾದವನಿಗೆ ‘ಆಫೀಸರ್’ ಅನ್ನಿಸಿಕೊಳ್ಳುವ ಚಪಲ ಸಾಯೋವರೆಗೂ ಹೋಗಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಒಲಿಂಪಿಕ್ಸ್ ಶೂಟಿಂಗಿನಲ್ಲಿ ಎರಡು ಕಂಚು ಗೆದ್ದಿದ್ದೇ ತಡ, ಮೊಮ್ಮಗಳು ಏರ್ ರೈಫಲ್ ಕ್ಲಾಸಿಗೆ ಸೇರಿದಳು. ಅವಳನ್ನು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ತೂಕಡಿಸುತ್ತಿದ್ದ ನನಗೆ ಕೋಚ್, “ಸುಮ್ನೆ ಕೂರೋ ಬದಲು ರೇಂಜ್ ಸೇಫ್ಟಿ ಆಫೀಸರ್ ಆಗಿ ಸಾರ್” ಅಂದರು. ನಿದ್ದೆ ಹಾರಿಹೋಯಿತು.

ಮಾರನೇ ಬೆಳಿಗ್ಗೆ ಯಡಿಯೂರು ಕೆರೆ ಸುತ್ತ ವಾಕಿಂಗ್ ಬರೋರಿಗೆಲ್ಲ ಸುದ್ದಿ ಮುಟ್ಟಿಸಿದೆ. “ಸೇಫ್ಟಿ ಆಫೀಸರ್ರಾ? ಮನೆಮನೆಗೆ ಬಂದು ಗ್ಯಾಸ್ ಪೈಪ್ ನೋಡ್ತೀರಾ?” ಅಂದರು ಒಬ್ಬರು. ನಮ್ಮ ತ್ಯಾಗರಾಜನಗರದಲ್ಲಿ ಸಂಗೀತಕ್ಕಿರುವ ಮರ್ಯಾದೆ ಬಂದೂಕಿಗಿಲ್ಲ.

ರಾಷ್ಟ್ರೀಯ ರೈಫಲ್ ಸಂಸ್ಥೆಯನ್ನು 1951ರಲ್ಲಿ ಕಟ್ಟಿದವರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್. ಗದ್ದಲ ಅಡಗಿಸಿ ಪಳಗಿದ ಗಂಟಲು! ರೇಂಜಿನಲ್ಲಿ ಆಜ್ಞೆ ಕೂಗಬೇಕಲ್ಲ, ನಾನೂ ಹಾಲ್‌ನಲ್ಲಿ ನಿಂತು ಗಂಟಲು ಪಳಗಿಸತೊಡಗಿದೆ. “ಲೋಡ್!” ಅಂದೆ. “ಬಟ್ಟೆ ಬಕೆಟ್ಟಲ್ಲಿದೆ, ನೀವೇ ಮೆಷಿನ್ನಿಗೆ ಹಾಕಿ,” ಅಡುಗೆಮನೆಯಿಂದ ಹೆಂಡತಿಯ ಉತ್ತರ. “ಸ್ಟಾಪ್!” ಅಂದೆ. “ಇನ್ನೊಂದು ಸೀಟಿ ಆಗ್ಲಿ ತಾಳಿ.”

ಬಳಸದ ಬಂದೂಕಿನ ಚೇಂಬರಿಗೆ ಎದ್ದುಕಾಣುವ ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಬೇಕು, ಗುಂಡು ಇಲ್ಲ ಅಂತ ದೂರದಿಂದಲೇ ತಿಳಿಯಲಿ ಅಂತ. ಅಭ್ಯಾಸಕ್ಕೆಂದು ತಂದ ಕಿತ್ತಳೆ ಬಣ್ಣದ ಫ್ಲ್ಯಾಗು ಸಂಜೆಗೆ ಮಾಯ. ನೋಡಿದರೆ ಗ್ಯಾಸ್ ಸಿಲಿಂಡರಿನ ಕುತ್ತಿಗೆಯಲ್ಲಿ ನೇತಾಡುತ್ತಿದೆ. “ಖಾಲಿ ಅನ್ನೋ ಗುರುತು ತಾನೇ? ಇದೂ ಖಾಲಿ. ಬುಕ್ ಮಾಡಿ.”

ಹತ್ತು ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರು, ಹೊಡೆಯುವ ಪೆಲೆಟ್ಟು 4.5 ಮಿಲಿಮೀಟರು. ಕಣ್ಣೆದುರಿನ ಸಾಸಿವೆ ಡಬ್ಬಿ ಕಾಣದ ನಾನು ಇದನ್ನೆಲ್ಲ ಬಾಯಿಪಾಠ ಮಾಡಿ, ಹೇಗೋ ಸೇಫ್ಟಿ ಆಫೀಸರ್ ಪರೀಕ್ಷೆ ಪಾಸಾದೆ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ, ಗೋಡೆಗೆ ಮೊಳೆ ಹೊಡೆಯಲು ಹೋಗಿ ಸುತ್ತಿಗೆಯಿಂದ ಹೆಬ್ಬೆರಳು ಜಜ್ಜಿಕೊಂಡೆ. ಬ್ಯಾಂಡೇಜು ಸುತ್ತುತ್ತಾ ಹೆಂಡತಿ, “ಮೊದ್ಲು ಸೇಫ್ಟಿ ಆಫೀಸರಿಗೆ ಇನ್ಶೂರೆನ್ಸ್ ಮಾಡಿಸಿ” ಅಂದಳು.

ಹಿಂದೆಲ್ಲ ಮದುವೆಮನೆ ಪಂಕ್ತಿಯಲ್ಲೂ ಬಿಡದೆ ಬೆನ್ನು ಹತ್ತುತ್ತಿದ್ದ ಏಜೆಂಟು, ‘ಬಂದೂಕು’ ಅಂದ ಕೂಡಲೇ ಕುರ್ಚಿಯನ್ನು ಬಾಗಿಲ ಕಡೆ ಎಳೆದುಕೊಂಡ. “ನಿಮಗೆ ಏಟು ಬಿದ್ರೆ ಅಪಘಾತ ವಿಮೆ. ನಿಮ್ಮಿಂದ ಬೇರೆಯವರಿಗೆ ಬಿದ್ರೆ ಹೊಣೆಗಾರಿಕೆ ವಿಮೆ, ಅದು ಬೇರೆ ಪಾಲಿಸಿ ಸಾರ್.” ಆಮೇಲೆ ಅಪಾಯದ ವರ್ಗಗಳ ಪಟ್ಟಿ ತೆಗೆದ. ಒಂದನೇ ವರ್ಗದಲ್ಲಿ ವಕೀಲರು, ಡಾಕ್ಟರು, ಗುಮಾಸ್ತರು. ಮೂರನೆಯದರಲ್ಲಿ ಗಣಿಯೊಳಗೆ ಇಳಿಯುವವರು, ಸರ್ಕಸ್ಸಿನವರು. ನನ್ನ ಕೆಲಸದ ಹೆಸರೇ ಅಲ್ಲಿಲ್ಲ. ತಲೆ ಕೆರೆದುಕೊಂಡು ನನ್ನನ್ನು ಸರ್ಕಸ್ಸಿನವರ ಜೊತೆ ಕೂರಿಸಿದ. ಪ್ರೀಮಿಯಂ ಜಾಸ್ತಿ ಅಂದ. ಗುಮಾಸ್ತ ಅಂತಲೇ ಬರ್ಕೊಳ್ಳಿ ಅಂದೆ. ಸುಳ್ಳು ಬರೆದ್ರೆ ಕ್ಲೈಮ್ ಸಿಗಲ್ಲ ಅಂದ.

ಕಾಫಿ ತಂದಿಟ್ಟ ಹೆಂಡತಿ ಪಟ್ಟಿಯ ಮೇಲೆ ಕಣ್ಣಾಡಿಸಿದಳು. “ಅಲ್ಲಪ್ಪಾ, ಇವರು ರೇಂಜಲ್ಲಿ ಇರೋದು ಭಾನುವಾರ ಮಾತ್ರ. ಮಿಕ್ಕ ದಿನವೆಲ್ಲ ಮನೇಲಿ ನನ್ನ ಜೊತೆ ಇರ್ತಾರಲ್ಲ, ಅದು ಯಾವ ಕ್ಲಾಸು?”

ಏಜೆಂಟೂ ಮದುವೆಯಾದವನೇ. ನನ್ನ ಮುಖ ನೋಡಿದ, ಪೆನ್ನಿನ ಮುಚ್ಚಳ ಹಾಕಿದ.

“ಅದನ್ನ ಯಾವ ಕಂಪನೀನೂ ಕವರ್ ಮಾಡಲ್ಲ ಅಮ್ಮಾ.”